ಜೋಸ್ಲಿನ್ ಆಂಟಿಯ ಡೋಲಿಗೆ ನಾನು ಮಾಡಿದ ಉಪಚಾರ

ಚರ್ಮವಾದ್ಯಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಎರಡೂವರೆ ವರ್ಷ ಮೃದಂಗ ಕಲಿತವನು ನಾನು. ಕೊನೆಯ ದಿನ ಮೇಷ್ಟ್ರು ಖುದ್ದಾಗಿ ಮನೆಗೆ ಬಂದು, ಕಾಫಿ ಕುಡಿದು, "ಇವನಿಗೆ ಇನ್ನು ಹೇಳಿಕೊಡೋದು ನನ್ನ ಕೈಲಿ ಆಗೋಲ್ಲ ಸ್ವಾಮಿ" ಎಂದು ನಮ್ಮ ತಂದೆಗೆ ಕೈಮುಗಿದಿದ್ದರು. ಎರಡೂವರೆ ವರ್ಷಕ್ಕೇ ಗುರುವನ್ನು ಮೀರಿಸಿದ ಶಿಷ್ಯ ಎಂದು ನಾನು ಅರ್ಥಮಾಡಿಕೊಂಡೆ. ತಂದೆ ಬೇರೆ ಥರ ಅರ್ಥಮಾಡಿಕೊಂಡು ಮಾರನೆಯ ದಿನವೇ ನನ್ನನ್ನು ಟೈಪಿಂಗ್ ಕ್ಲಾಸಿಗೆ ಸೇರಿಸಿದರು.

ಇಂಥ ಹಿನ್ನೆಲೆಯುಳ್ಳ ನಾನು ಈಗ ಆಸ್ಟ್ರೇಲಿಯಾದ ಪರ್ತ್‌ನ ಬೆಂಟ್ಲಿ ಬಡಾವಣೆಯಲ್ಲಿ ಸಂಸಾರ ಹೂಡಿದ್ದೇನೆ. ಗಣಿ ಕಂಪನಿಯೊಂದರಲ್ಲಿ ಒದ್ದೆ ಅದಿರನ್ನು ಒಣಗಿಸುವ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆ ದಿನ ನಾನೊಬ್ಬನೇ ಮರೆತಿದ್ದೆ. ಮನೆಯಲ್ಲಿ ಹೆಂಡತಿ ಶೈಲಜಾ, ಹದಿನಾರು ವರ್ಷದ ಮಗಳು ನಿಧಿ, ಮತ್ತು ಮಂಚದ ಕೆಳಗೆ ಯಾರೂ ಮುಟ್ಟದ ಒಂದು ಮೃದಂಗ.

ಪಕ್ಕದ ಮನೆ ಜೋಸ್ಲಿನ್ ಆಂಟಿಯದು. ಎಪ್ಪತ್ತು ದಾಟಿದ, ಮಾರಿಷಸ್‌ನ ಹೆಂಗಸು. ಹಿಂದೂ ಮಹಾಸಾಗರದ ನಡುವೆ ಇರುವ ಅವರ ದ್ವೀಪಕ್ಕೆ ಆಫ್ರಿಕಾದವರು, ನಮ್ಮವರು, ಚೀನಿಯರು, ಫ್ರೆಂಚರು ಎಲ್ಲ ಬಂದು ಕಲೆತುಹೋಗಿದ್ದಾರಂತೆ. ಆಂಟಿ ಒಬ್ಬರಲ್ಲೇ ಅದೆಲ್ಲ ಕಾಣುತ್ತದೆ. ಮುತ್ತಜ್ಜ ಮಡಗಾಸ್ಕರಿನವ, ಅಜ್ಜಿ ತಮಿಳರವಳು, ಹೆಸರು ಫ್ರೆಂಚಿನದು, ಮನೆಮಾತು ಕ್ರಿಯೋಲ್, ಪಿಂಚಣಿ ಆಸ್ಟ್ರೇಲಿಯಾದ್ದು. ಕಡಲೆಬೇಳೆ ರುಬ್ಬಿ ಹಸಿಮೆಣಸಿನಕಾಯಿ ಹಾಕಿ ಅವರು ಕರಿಯುವ ವಡೆ ನಮ್ಮ ಆಂಬೊಡೆಯ ಒಡಹುಟ್ಟು. ನನ್ನನ್ನು 'ಮೊ ಗಾರ್ಸೋಂ' ಎನ್ನುತ್ತಾರೆ. ಅಂದರೆ 'ನನ್ನ ಹುಡುಗಾ'. ನನಗೆ ಐವತ್ತೊಂದು. ಬೇರೆ ಯಾರೂ ನನ್ನನ್ನು ಹಾಗೆ ಕರೆಯುವುದಿಲ್ಲವಾದ್ದರಿಂದ ನಾನು ತಿದ್ದಲು ಹೋಗಿಲ್ಲ.

ಪ್ರತಿ ಬೇಸಿಗೆಯಲ್ಲಿ ಇಲ್ಲಿನ ಮಾರಿಷಸ್‌ನವರು ಫ್ರೀಮ್ಯಾಂಟಲ್‌ನಲ್ಲಿ ಸಮುದ್ರದ ಪಕ್ಕದ ಪಾರ್ಕೊಂದರಲ್ಲಿ ಸೇರುತ್ತಾರೆ. ಊಟ, ಚಿತ್ರಗಳ ಪ್ರದರ್ಶನ, ಎಲ್ಲಕ್ಕಿಂತ ಮುಖ್ಯವಾಗಿ ಸೆಗಾ. ಹಿಂದೆ ಕಬ್ಬಿನ ಗದ್ದೆಗಳಲ್ಲಿ ಗುಲಾಮರಾಗಿ ದುಡಿದವರು ಕತ್ತಲಾದ ಮೇಲೆ ಬೆಂಕಿಯ ಸುತ್ತ ಕಟ್ಟಿದ ಹಾಡು ಮತ್ತು ಕುಣಿತ ಅದು. ಅದಕ್ಕೆ ಬಾರಿಸುವುದು ರಾವಾನ್ ಎಂಬ ಡೋಲು. ದೊಡ್ಡ ಅಕ್ಕಿ ಜರಡಿಯ ಒಂದು ಮುಖಕ್ಕೆ ಮೇಕೆ ಚರ್ಮ ಬಿಗಿದರೆ ಹೇಗಿರುತ್ತದೋ ಹಾಗಿರುತ್ತದೆ.

ಆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಆಂಟಿ ಅಂಥದ್ದೊಂದು ಡೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

"ಮೊ ಗಾರ್ಸೋಂ, ಇದು ಮಿಶೆಲ್‌ದು," ಎಂದರು.

ಮಿಶೆಲ್ ಅಂಕಲ್ ಆಂಟಿಯ ಗಂಡ. ತೀರಿಕೊಂಡು ವರ್ಷದ ಮೇಲಾಗಿತ್ತು. ಡೋಲನ್ನು ಅವರೇ ಕೈಯಾರೆ ಮಾಡಿದ್ದು. ಮದುವೆಯಾದ ಹೊಸದರಲ್ಲಿ ಆಂಟಿ ಸಿಟ್ಟುಮಾಡಿಕೊಂಡು ತವರಿಗೆ ಹೋಗಿಬಿಟ್ಟಿದ್ದರಂತೆ. ಅಂಕಲ್ ಒಂದು ಹಾಡು ಕಟ್ಟಿ, ಈ ಡೋಲು ಬಡಿಯುತ್ತ, ಮಾವನ ಮನೆಯ ಮುಂದೆ ಮೂರು ಸಂಜೆ ನಿಂತು ಹಾಡಿದರಂತೆ. ಮೂರನೆಯ ಸಂಜೆ ಅಕ್ಕಪಕ್ಕದವರ ಕಾಟ ತಡೆಯಲಾರದೆ ಆಂಟಿ ವಾಪಸು ಬಂದರಂತೆ.

"ಇವತ್ತು ಐದು ಗಂಟೆಗೆ ಆ ಹಾಡು ನಾನು ಹಾಡ್ತೀನಿ. ಬಾರಿಸೋಕೆ ಅವನ ತಮ್ಮ ಸೆರ್ಜ್ ಬ್ರಿಸ್ಬೇನಿಂದ ಬರ್ತಿದಾನೆ. ಈ ಡೋಲು ಇಲ್ಲದೆ ನಾನು ಹಾಡೋಲ್ಲ. ನನ್ನ ಕಾರಲ್ಲಿ ಐಸ್ ಪೆಟ್ಟಿಗೆ ಇದೆ, ಅದರ ಪಕ್ಕ ಇದನ್ನ ಇಡೋ ಹಾಗಿಲ್ಲ. ನೀನು ಬರುವಾಗ ತಂದುಕೊಡು, ಸಾಕು. ಬೇರೇನೂ ಮಾಡಬೇಡ."

ಐಸ್ ಪೆಟ್ಟಿಗೆಯ ಪಕ್ಕ ಯಾಕೆ ಇಡುವ ಹಾಗಿಲ್ಲ ಎಂದು ನಾನು ಕೇಳಲಿಲ್ಲ. ತಿಳಿದವರು ಕೇಳುವುದಿಲ್ಲ!

ಆಂಟಿಯ ಕಾರು ಹೋದ ಮೇಲೆ ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಪೆಟ್ಟು ಕೊಟ್ಟೆ. 'ಟಣ್' ಎಂದಿತು. ಇನ್ನೊಂದು ಪೆಟ್ಟು. ಮತ್ತೆ 'ಟಣ್'. ನನ್ನೊಳಗಿನ ವಿದ್ವಾಂಸ ಎದ್ದು ಕೂತ. ಧೀಂ ಎಲ್ಲಿ? ಗುಂಕಾರ ಎಲ್ಲಿ? ಪಾಪ, ವರ್ಷಗಟ್ಟಲೆ ಗೋಡೆಗೆ ನೇತುಹಾಕಿ ವಾದ್ಯವನ್ನು ಒಣಗಿಸಿಬಿಟ್ಟಿದ್ದಾರೆ!

ಮೃದಂಗ ಬಲ್ಲವರಿಗೆ ಗೊತ್ತು. ಎಡಗಡೆಯ ಮುಖಕ್ಕೆ ನೀರು ಸವರಿ, ರವೆ ಕಲಸಿ ಪೂರಿಯಷ್ಟಗಲ ಮೆತ್ತುತ್ತಾರೆ. ಆಗಲೇ ಆ ಗಂಭೀರವಾದ ನಾದ ಬರುವುದು. ನಾನು ಅಡುಗೆಮನೆಗೆ ಹೋಗಿ ಚಿರೋಟಿ ರವೆಯ ಡಬ್ಬ ಇಳಿಸಿದೆ.

"ಏನ್ ಮಾಡ್ತಿದೀರ?" ಶೈಲಜಾ ಕೇಳಿದಳು.

"ಆಂಟಿಯ ಡೋಲಿಗೆ ಸ್ವಲ್ಪ ರವೆ."

"ರೀ, ಏನೂ ಮಾಡ್ಬೇಡ ಅಂತ ಹೇಳಿಹೋದ್ರಲ್ಲ? ಅರ್ಧ ಗಂಟೆ ಆಗಿಲ್ಲ ಇನ್ನೂ!"

"ಶೈಲೂ, ಅವರಿಗೆ ಗೊತ್ತಿಲ್ಲ ಪಾಪ. ಸಂಜೆ ಆ ನಾದ ಕೇಳಿದಾಗ ಅವರ ಮುಖ ನೋಡು ನೀನು."

ಆ ಮುಖವನ್ನು ನಾನು ಆಗಲೇ ಮನಸ್ಸಿನಲ್ಲಿ ನೋಡಿಯೂ ಆಗಿತ್ತು. ಕಣ್ಣಲ್ಲಿ ನೀರು. 'ಮೊ ಗಾರ್ಸೋಂ, ಇದೇನು ಮಾಯ ಮಾಡಿದೆ?' ಎಂಬ ಪ್ರಶ್ನೆ. ನಾನು ವಿನಯದಿಂದ ತಲೆ ತಗ್ಗಿಸಿ ನಿಲ್ಲುವುದು. ಚಪ್ಪಾಳೆ.

ಒದ್ದೆಬಟ್ಟೆಯಿಂದ ಚರ್ಮವನ್ನು ಚೆನ್ನಾಗಿ ಒರೆಸಿದೆ. ಮೃದಂಗಕ್ಕೆ ಪೂರಿಯಷ್ಟಾದರೆ ಈ ಗಾತ್ರಕ್ಕೆ ಎಷ್ಟು ಬೇಕು ಎಂದು ಲೆಕ್ಕಹಾಕಿ, ಅಕ್ಕಿರೊಟ್ಟಿಯಷ್ಟಗಲ ರವೆ ತಟ್ಟಿದೆ. ಬಾರಿಸಿದೆ. 'ಧೋಂ...' ಎಂದಿತು! ಆಹಾ! ಶೈಲಜಾ ಕೂಡ ತಿರುಗಿ ನೋಡಿದಳು. ಆ ಧೋಂಕಾರದ ಆನಂದವನ್ನು ನಾನು ಮೂರು ನಿಮಿಷ ಅನುಭವಿಸಿದೆ.

ನಾಲ್ಕನೆಯ ನಿಮಿಷಕ್ಕೆ ಅದು 'ಧೊಪ್' ಎಂದಿತು. ಆರನೆಯ ನಿಮಿಷಕ್ಕೆ 'ಬೊದ್'. ಹತ್ತನೆಯ ನಿಮಿಷಕ್ಕೆ ಏನೂ ಅನ್ನಲಿಲ್ಲ. ಮೃದಂಗದ ಚರ್ಮ ಪದರ ಪದರವಾಗಿ ದಪ್ಪಗಿರುತ್ತದೆ. ಇದು ಒಂದೇ ಪದರದ ತೆಳು ಮೇಕೆ ಚರ್ಮ. ನೀರನ್ನೆಲ್ಲ ಕುಡಿದು, ಒದ್ದೆಯಾದ ಹಪ್ಪಳದಂತೆ ನಡುವೆ ಜೋತುಬಿದ್ದಿತ್ತು.

ರವೆಯನ್ನು ಚಮಚದಿಂದ ಕೆರೆದೆ. ಅಂಟಿದ್ದು ಬಿಡಲಿಲ್ಲವೆಂದು ಮತ್ತೆ ಒದ್ದೆಬಟ್ಟೆಯಿಂದ ಉಜ್ಜಿದೆ. ಜೋತುಬಿದ್ದಿದ್ದು ಇನ್ನೂ ಜೋತುಬಿತ್ತು. ನಿಧಿ ಫೋನಿನಲ್ಲಿ ಹುಡುಕಿ ಓದಿದಳು.

"ಅಪ್ಪಾ, ಇಟ್ ಸೇಸ್ ಕೀಪ್ ಇಟ್ ಅವೇ ಫ್ರಮ್ ವಾಟರ್. ದೇ ವಾರ್ಮ್ ಇಟ್ ಬೈ ಎ ಫೈರ್ ಬಿಫೋರ್ ಪ್ಲೇಯಿಂಗ್. ಯು ಡಿಡ್ ದ ಎಗ್ಸಾಕ್ಟ್ ಆಪೊಸಿಟ್!"

ಬೆಂಕಿ! ಹಿತ್ತಿಲಿಗೆ ಓಡಿದೆ. ಒಣಹುಲ್ಲು, ಹಳೆಯ ಪೇಪರು, ಕಡ್ಡಿಪೆಟ್ಟಿಗೆ. ಶೈಲಜಾ ಬಾಗಿಲಲ್ಲಿ ನಿಂತು ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು. ನಲವತ್ತೊಂದು ಡಿಗ್ರಿ, ಬಿರುಗಾಳಿ, ಇವತ್ತು ಊರಿನಾದ್ಯಂತ ಬಯಲಲ್ಲಿ ಬೆಂಕಿ ಹಚ್ಚುವುದು ಅಪರಾಧ ಎಂಬ ಸೂಚನೆ.

"ಅಷ್ಟೆಲ್ಲ ಯಾಕೆ?" ಎಂದಳು. "ಇಷ್ಟು ಬಿಸಿಲಿದೆ. ಹಪ್ಪಳದ ಥರ ಹತ್ತು ನಿಮಿಷ ಬಿಸಿಲಿಗೆ ಇಡ್ರೀ."

ನಾನು ನಕ್ಕೆ. ಹೌದು, ಆ ಸ್ಥಿತಿಯಲ್ಲೂ ನಕ್ಕೆ. "ಬಿಸಿಲಿಗೆ ವಾದ್ಯ ಇಡೋದಾ? ನಮ್ಮ ಮೇಷ್ಟ್ರು ಕೇಳಿದ್ರೆ ಕೆನ್ನೆಗೆ ಬಾರಿಸೋರು. ಇದೇನು ಸಂಡಿಗೆನಾ?"

ಸಂಡಿಗೆ ಅಲ್ಲದ ಆ ವಸ್ತುವಿಗೆ ಮುಂದಿನ ಐದು ಗಂಟೆ ಕಾಲ ನಾನು ಮಾಡಿದ ಶುಶ್ರೂಷೆಯನ್ನು ಸಂಕ್ಷಿಪ್ತವಾಗಿ ನಿವೇದಿಸುತ್ತೇನೆ. ಮೊದಲು ನಿಧಿಯ ಹೇರ್ ಡ್ರೈಯರು. ಹತ್ತು ನಿಮಿಷಕ್ಕೆ ಸುಟ್ಟವಾಸನೆ ಬಿಟ್ಟು ಅದು ತೀರಿಕೊಂಡಿತು. "ಯು ಓ ಮಿ ಒನ್," ಎಂದು ಅವಳು ಬಾಗಿಲು ಹಾಕಿಕೊಂಡಳು. ಆಮೇಲೆ ಇಸ್ತ್ರಿಪೆಟ್ಟಿಗೆ. ಅದನ್ನು ನನ್ನ ಕೈಯಿಂದ ಶೈಲಜಾ ಕಿತ್ತುಕೊಂಡಳು, ದೇವರು ದೊಡ್ಡವನು. ಆಮೇಲೆ ಒಲೆ. ನಮ್ಮದು ಇಂಡಕ್ಷನ್ ಒಲೆ. ಡೋಲನ್ನು ಮೇಲೆ ಹಿಡಿದರೆ, ಪಾತ್ರೆ ಇಲ್ಲವೆಂದು ಪೀಂ ಪೀಂ ಅನ್ನುತ್ತದೆಯೇ ಹೊರತು ಕಾಯುವುದಿಲ್ಲ. ಆಗ ನನ್ನ ಕಣ್ಣಿಗೆ ಬಿದ್ದದ್ದು ಕಬ್ಬಿಣದ ದೋಸೆ ಕಾವಲಿ.

"ನನ್ನ ಕಾವಲಿ!" ಶೈಲಜಾ ಕೂಗಿದಳು. "ಹನ್ನೆರಡು ವರ್ಷದಿಂದ ಪಳಗಿಸಿರೋದು!"

"ಮುಟ್ಟಿಸೋಲ್ಲ ಕಣೇ. ಒಂದು ಗೇಣು ಮೇಲೆ ಹಿಡೀತೀನಿ."

ಕಾವಲಿ ಕಾಯಿತು. ನಾನು ಡೋಲನ್ನು ಬೋರಲು ಹಿಡಿದು ಉಸಿರು ಬಿಗಿಹಿಡಿದು ನಿಂತೆ. ಬೆವರು ಮೂಗಿನ ತುದಿಯಲ್ಲಿ ನಿಂತು, ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಒಂದು ಹನಿ ಚರ್ಮದ ಮೇಲೆ ಬಿದ್ದರೂ ಮೊದಲಿಂದ ಶುರು! ಚರ್ಮಕ್ಕೆ ಅಂಟಿದ್ದ ರವೆ ಒಣಗಿ ಉದುರಿ ಕಾವಲಿಯ ಮೇಲೆ ಹುರಿಯತೊಡಗಿತು. ಮನೆಯೆಲ್ಲ ಘಮಘಮ.

"ತುಪ್ಪ, ಗೋಡಂಬಿ ತರ್ಲಾ?" ಶೈಲಜಾ ಕೇಳಿದಳು.

ನಾನು ಉತ್ತರಿಸುವ ಮೊದಲೇ ಫೋನು ಬಡಿದುಕೊಂಡಿತು. ಬೆಚ್ಚಿಬಿದ್ದೆ. ಕೈ ಜಾರಿತು. ಡೋಲು ಕಾವಲಿಯ ಮೇಲೆ ಕೂತಿತು.

ಚುಯ್!

ಎತ್ತಿದೆ. ಎಷ್ಟು ಬೇಗ ಎತ್ತಿದರೂ ಚರ್ಮದ ಮೇಲೆ ಕಾವಲಿಯ ಅಂಚು ಕಂದುಬಣ್ಣದ ದುಂಡು ಗೆರೆಯಾಗಿ ಮೂಡಿತ್ತು. ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು. ಅದು ಯಾರದೆಂದು ಬೇರೆ ಹೇಳಬೇಕೆ?

"ಮೊ ಗಾರ್ಸೋಂ, ಸೆರ್ಜ್ ಬಂದಿಳಿದ. ಹೇಗಿದೆ ಮಿಶೆಲ್‌ನ ಡೋಲು?"

"ಬೆಚ್ಚಗಿದೆ ಆಂಟಿ," ಎಂದೆ. ಅದೊಂದು ಸುಳ್ಳಾಗಿರಲಿಲ್ಲ.

"ಒಳ್ಳೆ ಹುಡುಗ ನೀನು," ಎಂದರು. ಆಮೇಲೆ, "ನನಗೆ ಭಯ ಆಗ್ತಿದೆ. ಅವನಿಲ್ಲದೆ ಯಾವತ್ತೂ ಹಾಡಿಲ್ಲ. ಡೋಲಾದರೂ ಪಕ್ಕದಲ್ಲಿದ್ದರೆ ಹಾಡಿಬಿಡ್ತೀನಿ," ಎಂದರು.

ಫೋನಿಟ್ಟ ಮೇಲೆ ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ನಾಚಿಕೆಯಾಯಿತು. ಶೈಲಜಾ ಒಲೆ ಆರಿಸಿ, ಕಾವಲಿಗೆ ಏನಾಯಿತೆಂದೂ ನೋಡದೆ ಎತ್ತಿಟ್ಟಳು. ಅವಳು ಕಾವಲಿಯನ್ನೇ ಮರೆತಳೆಂದರೆ ಪರಿಸ್ಥಿತಿ ಬಹಳ ಗಂಭೀರವಾಗಿದೆ ಎಂದರ್ಥ.

ಡೋಲು ಈಗ ಒಂದು ಕಡೆ 'ಟಣ್', ಇನ್ನೊಂದು ಕಡೆ 'ಬೊದ್'. ಎಲ್ಲ ಕಡೆಗೂ ಸಮನಾಗಿ ಒಣ ಬಿಸಿಗಾಳಿ ಬೀಸಬೇಕು. ಆಗ, ಮೂರೂವರೆ ಗಂಟೆಗೆ, ನಾನೊಬ್ಬ ಇಂಜಿನಿಯರು ಎಂಬ ಸಂಗತಿ ನೆನಪಾಯಿತು. ಕಾರಿನ ಹೀಟರು!

ನಲವತ್ತೊಂದು ಡಿಗ್ರಿಯಲ್ಲಿ ಕಿಟಕಿ ಮುಚ್ಚಿ ಹೀಟರನ್ನು ಪೂರ್ತಿ ತಿರುಗಿಸಿ ಪ್ರಯಾಣ ಹೊರಟ ಮನುಷ್ಯ ಈ ಖಂಡದ ಇತಿಹಾಸದಲ್ಲಿ ನಾನೊಬ್ಬನೇ ಇರಬೇಕು. "ಐ ಆಮ್ ಟೇಕಿಂಗ್ ದ ಟ್ರೇನ್," ಎಂದು ನಿಧಿ ಮಾಯವಾದಳು. ಶೈಲಜಾ ರೇಷ್ಮೆ ಸೀರೆಯಲ್ಲಿ ಮುಂದಿನ ಸೀಟಿನಲ್ಲಿ ಕೂತು, ಡೋಲನ್ನು ಬಿಸಿಗಾಳಿಗೆ ಹಿಡಿದು ನಿಧಾನವಾಗಿ ತಿರುಗಿಸತೊಡಗಿದಳು.

"ನಾನು ಬರ್ತಿರೋದು ಆಂಟಿಗೋಸ್ಕರ," ಎಂದಳು. "ನಿಮಗೋಸ್ಕರ ಅಂದ್ಕೋಬೇಡಿ."

ಅರ್ಧ ದಾರಿಯಲ್ಲಿ ಪೊಲೀಸರು ಕೈ ಅಡ್ಡಹಿಡಿದರು. ಕುಡಿದು ಓಡಿಸುವವರ ತಪಾಸಣೆ. ಕಿಟಕಿ ಇಳಿಸಿದೆ. ಒಳಗಿನ ಝಳ ಆ ತರುಣ ಪೊಲೀಸಿನವನ ಮುಖಕ್ಕೆ ರಾಚಿತು. ಒಂದು ಹೆಜ್ಜೆ ಹಿಂದೆ ಸರಿದ. ಬೀಟ್‌ರೂಟಿನಂಥ ನನ್ನ ಮುಖ ನೋಡಿದ. ಡೋಲು ನೋಡಿದ. ಹುರಿದ ರವೆಯ ವಾಸನೆ ಹಿಡಿದ.

"ಇವತ್ತು ಏನಾದರೂ ಕುಡಿದಿದ್ದೀರಾ ಸರ್?"

"ಬೆಳಿಗ್ಗೆಯಿಂದ ನೀರು ಕೂಡ ಇಲ್ಲ," ಎಂದೆ.

ಊದಿದೆ. ಸೊನ್ನೆ ಬಂತು. ನಂಬದೆ ಇನ್ನೊಮ್ಮೆ ಊದಿಸಿದ. ಮತ್ತೆ ಸೊನ್ನೆ. "ಸರ್, ನಿಮ್ಮ ಕಾರಿನ ಹೀಟರ್ ಆನ್ ಆಗಿದೆ, ಗೊತ್ತಾ?" ಎಂದು ಮೆತ್ತಗೆ ಕೇಳಿದ. "ಗೊತ್ತು," ಎಂದೆ. ಅವನು ಶೈಲಜಾಳ ಕಡೆ ಬಗ್ಗಿ, "ಮೇಡಂ, ನೀವು ಕ್ಷೇಮ ತಾನೆ?" ಎಂದ. ಅವಳು ಉತ್ತರ ಕೊಡಲು ತೆಗೆದುಕೊಂಡ ಸಮಯ ನನಗೆ ಬಹಳ ದೀರ್ಘವಾಗಿ ಕಂಡಿತು.

ನಾಲ್ಕೂಕಾಲಿಗೆ ಪಾರ್ಕು ಮುಟ್ಟಿದೆವು. ಡೋಲಿಗೆ ಒಂದು ಪೆಟ್ಟು ಕೊಟ್ಟೆ. 'ಟಣ್'! ಸುತ್ತಲೂ ಬಡಿದು ನೋಡಿದೆ. ಎಲ್ಲ ಕಡೆಯೂ 'ಟಣ್'! ಬೆಳಿಗ್ಗೆ ನನಗೆ ಸಾಲದೆನಿಸಿದ್ದ ಅದೇ 'ಟಣ್' ಕೇಳಿ ಕಣ್ಣಲ್ಲಿ ನೀರು ಬಂತು.

ಆದರೆ ಪರ್ತ್‌ನವರಿಗೆ ಗೊತ್ತು. ಬೇಸಿಗೆಯ ಮಧ್ಯಾಹ್ನ ಫ್ರೀಮ್ಯಾಂಟಲ್ ಕಡೆಯಿಂದ ತಂಪಾದ ಸಮುದ್ರದ ಗಾಳಿ ಬರುತ್ತದೆ. ಬೆಂದ ಜನಕ್ಕೆ ಹಾಯೆನಿಸುವುದರಿಂದ ಅದಕ್ಕೆ 'ಡಾಕ್ಟರ್' ಎಂದೇ ಹೆಸರು. ಆ ಸಂಜೆ ಡಾಕ್ಟರು ಮೋಡವನ್ನೂ ಕರೆದುಕೊಂಡು ಬಂದಿದ್ದರು. ನಾವು ಕಾರಿನಿಂದ ವೇದಿಕೆಗೆ ನಡೆದು, ಜನದ ನಡುವೆ ಆಂಟಿಯನ್ನು ಹುಡುಕಿ ಮುಟ್ಟುವಷ್ಟರಲ್ಲಿ ಡೋಲು ನನ್ನ ಕೈಯಲ್ಲೇ ತಣ್ಣಗಾಗುತ್ತ ಬಂತು.

ವೇದಿಕೆಯ ಹಿಂದೆ ಬಿಳಿಮೀಸೆಯ ಸೆರ್ಜ್ ಅಂಕಲ್ ತಲೆ ಮೇಲೆ ಕೈಹೊತ್ತು ಕೂತಿದ್ದರು. ಬೇರೆಯವರ ನಾಲ್ಕು ಡೋಲುಗಳೂ ಸಮುದ್ರದ ಗಾಳಿಗೆ ಸಡಿಲವಾಗಿದ್ದವು. ಮಿಶೆಲ್ ಅಂಕಲ್ಲಿನ ಡೋಲನ್ನು ಆಸೆಯಿಂದ ಎತ್ತಿಕೊಂಡು ಒಂದು ಪೆಟ್ಟು ಕೊಟ್ಟರು.

'ಬೊದ್.'

"ಇದೂ ಹೋಯಿತು ಅತ್ತಿಗೆ," ಎಂದರು. "ಬೆಂಕಿ ಹಚ್ಚೋ ಹಾಗಿಲ್ಲ, ಬಿಸಿಲೂ ಇಲ್ಲ. ಹೇಗೆ ಬಾರಿಸಲಿ?"

ಆಂಟಿ ಕೆಂಪು ಹೂವಿನ ಅಗಲ ಲಂಗದಲ್ಲಿ ನಿಂತಿದ್ದರು. ಮುಖ ಸಣ್ಣದಾಗಿತ್ತು. "ಹಾಗಾದರೆ ಬೇಡ," ಎಂದರು. "ಈ ಡೋಲಿಲ್ಲದೆ ನಾನು ಹಾಡೋಲ್ಲ. ಕಾರ್ಯಕ್ರಮದವರಿಗೆ ಹೇಳಿಬಿಡು."

ಐದಕ್ಕೆ ಇನ್ನು ಇಪ್ಪತ್ತೈದು ನಿಮಿಷ. ಇದಕ್ಕೆ ಪರಿಹಾರ ಗೊತ್ತಿದ್ದವನು ಅಷ್ಟು ಜನರಲ್ಲಿ ನಾನೊಬ್ಬನೇ. ಅದು ನನಗೆ ಹೇಗೆ ಗೊತ್ತಾಯಿತು ಎಂದು ಹೇಳದೆ ಆ ಪರಿಹಾರವನ್ನು ಹೇಳುವ ದಾರಿ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ! ಅಷ್ಟರಲ್ಲಿ ಸೆರ್ಜ್ ಅಂಕಲ್ ಡೋಲನ್ನು ತಿರುಗಿಸಿ ಕಂದು ಗೆರೆಯನ್ನು ನೋಡಿದರು. ಡೋಲನ್ನು ಅಲ್ಲಾಡಿಸಿದರು. ಚೌಕಟ್ಟಿನ ಸಂದಿಯಿಂದ ಹುರಿದ ರವೆ ಅವರ ಬೂಟಿನ ಮೇಲೆ ಉದುರಿತು.

"ಇದೇನಿದು?"

"ರವೆ," ಎಂದೆ. ಮತ್ತೆ ಎಲ್ಲವನ್ನೂ ಹೇಳಿದೆ. ಒದ್ದೆಬಟ್ಟೆ, ಅಕ್ಕಿರೊಟ್ಟಿಯಷ್ಟಗಲದ ರವೆ, ಹೇರ್ ಡ್ರೈಯರು, ಕಾವಲಿ, ಹೀಟರು. ಹೇಳುತ್ತ ಹೋದಂತೆ ಸುತ್ತ ಜನ ಸೇರಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಬೆಳಿಗ್ಗೆ ಅಷ್ಟು ಬಿಸಿಲಿತ್ತಲ್ಲ?" ಸೆರ್ಜ್ ಅಂಕಲ್ ಕೇಳಿದರು. "ಹತ್ತು ನಿಮಿಷ ಬಿಸಿಲಿಗೆ ಇಟ್ಟಿದ್ದರೆ ಸರಿಹೋಗ್ತಿತ್ತು. ಯಾಕೆ ಇಡಲಿಲ್ಲ?"

ಶೈಲಜಾ ಮೋಡಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಆಂಟಿ ಡೋಲನ್ನು ತೆಗೆದುಕೊಂಡು ಆ ದುಂಡು ಗೆರೆಯ ಮೇಲೆ ಬೆರಳಾಡಿಸಿದರು. ಪೂರ್ತಿ ಒಂದು ಸುತ್ತು.

"ಬೇರೇನೂ ಮಾಡಬೇಡ ಅಂತ ಹೇಳಿದ್ದೆ," ಎಂದರು.

"ಹೌದು ಆಂಟಿ. ತಪ್ಪಾಯಿತು."

"ಮಿಶೆಲ್ ಕೂಡ ಹೀಗೇ. ನಲವತ್ತಾರು ವರ್ಷದಲ್ಲಿ ಒಂದು ದಿನ ನನ್ನ ಮಾತು ಕೇಳಲಿಲ್ಲ." ಕಣ್ಣೊರೆಸಿಕೊಂಡರು. ಡೋಲನ್ನು ನನ್ನ ಎದೆಗೆ ಒತ್ತಿದರು. "ನಿಂತು ಏನು ನೋಡ್ತೀಯ? ಹೋಗು, ಕಾರು ಸ್ಟಾರ್ಟ್ ಮಾಡು!"

ಓಡಿದೆ. ಹಿಂದೆಯೇ ಉಳಿದ ನಾಲ್ಕು ಡೋಲುಗಳೂ ಬಂದವು. ಐದಕ್ಕೆ ಮೂರು ನಿಮಿಷ ಇರುವಾಗ ಮಿಶೆಲ್ ಅಂಕಲ್ಲಿನ ಡೋಲು 'ಟಣ್' ಎಂದಿತು. ಸೆರ್ಜ್ ಅಂಕಲ್ ಅದನ್ನು ಕೋಟಿನೊಳಗೆ ಮುಚ್ಚಿಕೊಂಡು ವೇದಿಕೆಗೆ ಓಡಿದರು. ನಾನೂ ಇಳಿಯಲು ಬಾಗಿಲು ತೆರೆದೆ. "ನೀನೆಲ್ಲಿಗೆ?" ಎಂದರು, ಉಳಿದ ಡೋಲುಗಳ ಯಜಮಾನರು. ಸಮುದ್ರದ ಗಾಳಿಗೆ ಹತ್ತು ನಿಮಿಷಕ್ಕೊಮ್ಮೆ ಡೋಲು ಸಡಿಲವಾಗುತ್ತಿತ್ತು. ಒಂದು ಬಂದರೆ ಇನ್ನೊಂದು ಹೋಗಬೇಕು. ಕಿಟಕಿ ತೆರೆದರೆ ಬಿಸಿ ಹೋಗುತ್ತದೆ.

ಹೀಗೆ ದ್ವೀಪದ ಕಲೆ ಮತ್ತು ಸಂಸ್ಕೃತಿಯ ಆ ಮಹೋತ್ಸವದ ಅಷ್ಟೂ ಹೊತ್ತು ನಾನು ಪಾರ್ಕಿಂಗ್ ಜಾಗದಲ್ಲಿ, ಮುಚ್ಚಿದ ಕಾರಿನಲ್ಲಿ, ಹೀಟರಿನ ಮುಂದೆ ಡೋಲು ತಿರುಗಿಸುತ್ತ ಕೂತಿದ್ದೆ. ಆಂಟಿ ಹಾಡಿದ್ದು ನನಗೆ ಕೇಳಿಸಲಿಲ್ಲ. ಗಾಜಿನ ಆಚೆ, ಜನರ ತಲೆಗಳ ನಡುವೆ, ಕೆಂಪು ಲಂಗವೊಂದು ಮೆಲ್ಲಗೆ ತಿರುಗುವುದು ಮಾತ್ರ ಕಾಣಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುವುದೂ ಕಾಣಿಸಿತು. ನಾನೂ ತಟ್ಟಿದೆ. ಕೆನ್ನೆಯ ಮೇಲೆ ಇಳಿದದ್ದು ಉಳಿದ ಬೆವರೋ, ಕಣ್ಣೀರೋ, ನನಗೇ ತಿಳಿಯಲಿಲ್ಲ.

"ತುಂಬಾ ಚೆನ್ನಾಗಿತ್ತು ರೀ," ಎಂದಳು ಶೈಲಜಾ, ನೀರಿನ ಬಾಟಲಿ ಕೊಡುತ್ತ. "ಕೊನೇಲಿ ಎಲ್ಲರಿಗೂ ಧನ್ಯವಾದ ಹೇಳಿದ್ರು. ನಿಮಗೂ ಹೇಳಿದ್ರು."

"ನನ್ನ ಹೆಸರು ಹೇಳಿದ್ರಾ?"

"ಇಲ್ಲ. ಕಾರಿನ ನಂಬರ್ ಹೇಳಿದ್ರು. ಲೈಟು ಉರೀತಿದೆ ಅಂತ."

ಡೋಲು ಈಗ ಆಂಟಿಯ ಮನೆಯ ಗೋಡೆಯ ಮೇಲೆ ವಾಪಸಾಗಿದೆ. ಕಂದು ಗೆರೆಯನ್ನು ಅವರು ಮುಚ್ಚಿಲ್ಲ. ಬಂದವರಿಗೆಲ್ಲ ತೋರಿಸುತ್ತಾರೆ. ಹಾಗೆ ನೋಡಲು ಬಂದವರು ನಡುವೆ ಒಮ್ಮೆ ಬೇಲಿಯ ಮೇಲಿಂದ ನನ್ನನ್ನೂ ನೋಡಿಹೋಗುತ್ತಾರೆ.

ಹೋದ ವಾರ ಆಂಟಿ ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿರುವ ಮಗಳ ಮನೆಗೆ ಹೊರಟರು. ಹೊರಡುವ ಮುನ್ನ ನಮ್ಮ ಬಾಗಿಲಿಗೆ ಬಂದು, "ಮೊ ಗಾರ್ಸೋಂ, ಹದಿನೈದು ದಿನ ಇರೋಲ್ಲ. ಮನೆ ಕಡೆ ನೋಡಿಕೊಳ್ತೀಯಲ್ಲ?" ಎಂದರು. ಎಷ್ಟಾದರೂ ದೊಡ್ಡ ಮನಸ್ಸು! ನಾನು ಎರಡೂ ಕೈ ಚಾಚಿದೆ.

ಆಂಟಿ ನನ್ನ ಕೈಗಳನ್ನು ಪ್ರೀತಿಯಿಂದ ಹಿಡಿದುಕೊಂಡು, ಒಮ್ಮೆ ಒತ್ತಿ, ಕೀಲಿಯನ್ನು ನನ್ನ ಹಿಂದೆ ನಿಂತಿದ್ದ ಶೈಲಜಾಳಿಗೆ ಕೊಟ್ಟರು.